ಎಂಟನೇ ತರಗತಿಯ ಮಗಳನ್ನು ಯಾವ ಸಂಘಕ್ಕೆ ಸೇರಿಸಲಿ?

ನಿಮ್ಮ ಮಗಳು ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದ್ದಾಳೆ. ಶಾಲೆಯಲ್ಲಿ ಗೈಡ್ಸ್ (ಸ್ಕೌಟ್ಸ್ ಥರವೇ, ಹುಡುಗಿಯರದ್ದು), ಎನ್‌ಸಿಸಿ, ಇಕೋ ಕ್ಲಬ್, ವಿಜ್ಞಾನ ಸಂಘ ಅಂತ ಒಂದೊಂದಕ್ಕೂ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ಅವಳಿಗೆ ಎಲ್ಲವೂ ಬೇಕಂತೆ, ನಿಮಗೆ ಎಸ್ಸೆಸ್ಸೆಲ್ಸಿ ಚಿಂತೆ. ಯಾವುದಕ್ಕೆ ಸೇರಿಸಿದರೆ ಮುಂದೆ ಉಪಯೋಗ ಅಂತ ಕೇಳಿದ್ದೀರಿ.

ನಾನು ತುಮಕೂರು ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗೈಡ್ ಕ್ಯಾಪ್ಟನ್ ಕೂಡ ನಾನೇ, ವಿಜ್ಞಾನ ಸಂಘದ ಉಸ್ತುವಾರಿಯೂ ನನ್ನದೇ. ಸಣ್ಣ ಶಾಲೆಗಳಲ್ಲಿ ಹೀಗೇ, ಇರುವ ಹತ್ತು ಜನ ಶಿಕ್ಷಕರ ನಡುವೆ ಇಪ್ಪತ್ತು ಸಮಿತಿ ಹಂಚಿಕೆಯಾಗಿರುತ್ತವೆ. ಅದಕ್ಕೇ ನಿಮಗೆ ಮೊದಲು ಹೇಳಬೇಕಾದದ್ದು: ಸಂಘದ ಹೆಸರು ನೋಡಿ ಆರಿಸಬೇಡಿ. ಅದನ್ನು ನಡೆಸುವ ಮೇಷ್ಟ್ರು ಅಥವಾ ಟೀಚರ್ ಯಾರು, ಹೋದ ವರ್ಷ ಏನೂ ವಿಶೇಷವಿಲ್ಲದ ಒಂದು ಶನಿವಾರ ಅಲ್ಲಿ ಏನು ನಡೆಯಿತು ಅಂತ ಕೇಳಿ. ಎಚ್‌.ಎಂ. ಅವರನ್ನಲ್ಲ, ಒಂಬತ್ತನೇ ತರಗತಿಯ ಯಾವುದಾದರೂ ಹುಡುಗಿಯನ್ನು ಕೇಳಿ. ಅವಳು ಥಟ್ಟನೆ ಏನಾದರೂ ಹೇಳಿದರೆ ಆ ಸಂಘ ಜೀವಂತ ಇದೆ. "ಉದ್ಘಾಟನೆ ಆಯ್ತು ಆಂಟಿ, ಫೋಟೋ ತೆಗೆದ್ರು" ಅಂದರೆ ಅಷ್ಟೇ.

ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಮೇಲಿನಿಂದ ಸುತ್ತೋಲೆ ಬರುತ್ತದೆ, ಸಂಘ ರಚಿಸಿ ವರದಿ ಕಳಿಸಿ ಅಂತ. ಬ್ಯಾನರ್ ಕಟ್ಟುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ, ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ಗಿಡ ಬೇಸಿಗೆಯಲ್ಲಿ ಒಣಗಿದಾಗ ಫೋಟೋ ತೆಗೆಯುವವರು ಯಾರೂ ಇರುವುದಿಲ್ಲ. ಇಕೋ ಕ್ಲಬ್‌ಗಳ ರಾಷ್ಟ್ರೀಯ ಹಸಿರು ಪಡೆ ಯೋಜನೆ ಶುರುವಾಗಿದ್ದು 2001-02ರಲ್ಲಿ. ಇಷ್ಟು ವರ್ಷಗಳಲ್ಲಿ ಕೆಲವು ಶಾಲೆಗಳು ನಿಜವಾಗಿ ಕೈತೋಟ ಮಾಡಿವೆ, ಅಲ್ಲಿನ ಸೊಪ್ಪು ತರಕಾರಿ ಬಿಸಿಯೂಟದ ಸಾಂಬಾರಿಗೆ ಬೀಳುತ್ತದೆ. ಇನ್ನು ಕೆಲವು ಕಡೆ ಅದು ಒಂದು ರಿಜಿಸ್ಟರ್ ಪುಸ್ತಕ. ನಿಮ್ಮ ಮಗಳ ಶಾಲೆ ಯಾವ ಬಗೆಯದು ಅಂತ ಕಾಂಪೌಂಡಿನ ಒಳಗೆ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ.

ಅಂಕದ ಮಾತು ಮುಗಿಸಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯ 625ರಲ್ಲಿ ಸಂಘಕ್ಕೆ ಸೇರಿದ್ದಕ್ಕೆ ಅಂತ ಅಂಕ ಮೀಸಲಿಲ್ಲ. ಹತ್ತನೇ ತರಗತಿಯಲ್ಲಿ ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಗುಂಪು ಅಧ್ಯಯನ, ಆಮೇಲೆ ಸಾಲುಸಾಲು ಪೂರ್ವಸಿದ್ಧತಾ ಪರೀಕ್ಷೆ. ಆಗ ಯಾವ ಸಂಘವೂ ನಡೆಯುವುದಿಲ್ಲ, ನಾವೂ ಕರೆಯುವುದಿಲ್ಲ. ಹಾಗಾಗಿ ಅವಳ ಕೈಯಲ್ಲಿರುವುದು ಎಂಟು ಮತ್ತು ಒಂಬತ್ತು, ಎರಡೇ ವರ್ಷ. ನಾಲ್ಕು ಸಂಘಕ್ಕೆ ಹಂಚಿದರೆ ಯಾವುದರಲ್ಲೂ ಬೇರು ಬಿಡುವುದಿಲ್ಲ. ವಾರವಾರ ನಡೆಯುವ ಒಂದು, ಆಗೊಮ್ಮೆ ಈಗೊಮ್ಮೆ ಬರುವ ಇನ್ನೊಂದು, ಸಾಕು.

ಈಗ ಗೈಡ್ಸ್ ಬಗ್ಗೆ. ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಮನಸ್ಸು ಇಲ್ಲೇ ಇದೆ ಅಂತ ಒಪ್ಪಿಕೊಂಡೇ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿದ್ದು 1950ರ ನವೆಂಬರ್ 7ರಂದು, ಅದಕ್ಕೆ ಮೊದಲಿದ್ದ ಬೇರೆ ಬೇರೆ ಸಂಸ್ಥೆಗಳನ್ನು ಒಂದುಗೂಡಿಸಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಗಟ್ಟಿ ಪರಂಪರೆಯಿದೆ. ದಾವಣಗೆರೆ ಕಡೆಯ ಕೊಂಡಜ್ಜಿಯ ಶಿಬಿರ ಕೇಂದ್ರದ ಹಿಂದೆ ಕೊಂಡಜ್ಜಿ ಬಸಪ್ಪನವರ ದುಡಿಮೆಯಿದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ (ಸ್ಕೌಟ್ಸ್-ಗೈಡ್ಸ್ ಮಕ್ಕಳ ದೊಡ್ಡ ಮೇಳ) ನಡೆದಾಗ ನಾಡಿನ ಮೂಲೆಮೂಲೆಯಿಂದ ಮಕ್ಕಳು ಹೋಗಿದ್ದರು.

ಆದರೆ ಜಾಂಬೂರಿ ಅಪರೂಪದ್ದು. ದಿನನಿತ್ಯದಲ್ಲಿ ನಡೆಯುವುದು ಪೆಟ್ರೋಲ್ ಪದ್ಧತಿ, ಅಂದರೆ ಸಣ್ಣ ಸಣ್ಣ ತಂಡ. ಆರರಿಂದ ಎಂಟು ಹುಡುಗಿಯರು ಒಂದು ಪೆಟ್ರೋಲ್, ಅದಕ್ಕೊಂದು ಹೂವಿನ ಹೆಸರು (ಹುಡುಗರದಾದರೆ ಪ್ರಾಣಿ, ಪಕ್ಷಿ). ಅವರಲ್ಲೇ ಒಬ್ಬಳು ನಾಯಕಿ, ಒಬ್ಬಳು ಉಪನಾಯಕಿ. ಶಿಬಿರದಲ್ಲಿ ಯಾರು ನೀರು ತರಬೇಕು, ಯಾರು ಒಲೆ ಹೂಡಬೇಕು, ಗುಡಾರದ ಹಗ್ಗ ಸಡಿಲವಾದರೆ ರಾತ್ರಿ ಎದ್ದು ಯಾರು ಬಿಗಿಯಬೇಕು, ಎಲ್ಲ ಅವರೇ ಹಂಚಿಕೊಳ್ಳಬೇಕು. ನಾಯಕಿಯರೆಲ್ಲ ಕ್ಯಾಪ್ಟನ್ ಜೊತೆ ಕೂತು ತೀರ್ಮಾನ ಮಾಡುವ ಸಭೆಗೆ ಕೋರ್ಟ್ ಆಫ್ ಹಾನರ್ ಅನ್ನುತ್ತೇವೆ. ಮೊದಲ ಸಲ ಕೂತಾಗ ಮಕ್ಕಳು ನನ್ನ ಮುಖ ನೋಡುತ್ತಾರೆ, ಟೀಚರ್ ಏನು ಹೇಳುತ್ತಾರೋ ಅಂತ. ನಾನು ಬಾಯಿ ಬಿಡುವುದಿಲ್ಲ. ಐದು ನಿಮಿಷ ಮೌನ, ಆಮೇಲೆ ಒಬ್ಬಳು ಶುರು ಮಾಡುತ್ತಾಳೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ನಡುಗುವ ಹುಡುಗಿ, "ನಮ್ ಪೆಟ್ರೋಲ್‌ಗೆ ಹೋದ ಸಲನೂ ಪಾತ್ರೆ ತೊಳೆಯೋದೇ ಬಂತು, ಈ ಸಲ ಬೇಡ" ಅಂತ ವಾದ ಮಾಡುವುದನ್ನು ನೋಡಿದ್ದೇನೆ. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಪಾತ್ರೆಯಿಲ್ಲದೆ ಅಡುಗೆ ಮಾಡುವುದು ಇವನ್ನೆಲ್ಲ ವಿಡಿಯೋ ನೋಡಿಯೂ ಕಲಿಯಬಹುದು. ಈ ವಾದ ಮಾತ್ರ ಮನೆಯಲ್ಲಿ ಕೂತು ಬರುವುದಿಲ್ಲ.

ಶಿಬಿರಕ್ಕೆ ಹುಡುಗಿಯರನ್ನು ಕಳಿಸಲು ತಂದೆ ತಾಯಿ ಹಿಂಜರಿಯುತ್ತಾರೆ. ಗೈಡ್‌ಗಳ ಜೊತೆ ಮಹಿಳಾ ಕ್ಯಾಪ್ಟನ್ ಇರಲೇಬೇಕು. ಆ ಟೀಚರ್ ಜೊತೆ ಮಾತಾಡಿ, ಎಲ್ಲಿ ಮಲಗುತ್ತಾರೆ, ಶೌಚಾಲಯದ ವ್ಯವಸ್ಥೆ ಹೇಗೆ ಅಂತ ಕೇಳಿ. ಕೇಳಿದರೆ ತಪ್ಪು ತಿಳಿಯುವ ಕ್ಯಾಪ್ಟನ್ ಆಗಿದ್ದರೆ ಕಳಿಸಬೇಡಿ.

ಒಂದು ಲೆಕ್ಕ ಮಾತ್ರ ಯಾರೂ ನಿಮಗೆ ಬಿಡಿಸಿ ಹೇಳುವುದಿಲ್ಲ. ಗೈಡ್ಸ್‌ನಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಅಂತ ಮೆಟ್ಟಿಲುಗಳಿವೆ. ಒಂದರಿಂದ ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಎಂಟನೇ ತರಗತಿಯಲ್ಲಿ ಹೊಸದಾಗಿ ಸೇರಿದವಳು ಹತ್ತು ಮುಗಿಯುವುದರೊಳಗೆ ರಾಜ್ಯ ಪುರಸ್ಕಾರ ಮುಟ್ಟುವುದೇ ಕಷ್ಟ. ರಾಷ್ಟ್ರಪತಿ ಪುರಸ್ಕಾರದ ಮಕ್ಕಳು ಸಾಮಾನ್ಯವಾಗಿ ಐದು ಆರನೇ ತರಗತಿಯಲ್ಲೇ ಶುರು ಮಾಡಿದವರು. ಸಿಇಟಿಯಲ್ಲಿ ಸ್ಕೌಟ್ಸ್-ಗೈಡ್ಸ್ ಕೋಟಾ ಇದೆ, ರೈಲ್ವೆ ನೇಮಕಾತಿಯಲ್ಲೂ ಇದೆ, ನಿಜ. ಆದರೆ ಅದನ್ನೇ ನಂಬಿಕೊಂಡು ಈಗ ಸೇರಿಸಿದರೆ ನಿಮಗೆ ನಿರಾಸೆ, ಅವಳ ತಲೆಗೆ ಭಾರ. ಆಸಕ್ತಿ ಉಳಿದರೆ ಮುಂದೆ ಕಾಲೇಜಿನಲ್ಲಿ ರೇಂಜರ್ (ದೊಡ್ಡ ಹುಡುಗಿಯರ ವಿಭಾಗ) ಆಗಿ ಮುಂದುವರಿಯಲು ದಾರಿಯಿದೆ.

ಎನ್‌ಸಿಸಿ ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಬೆಟಾಲಿಯನ್‌ನವರು ಮಂಜೂರು ಮಾಡಿರಬೇಕು, ತರಬೇತಾದ ಶಿಕ್ಷಕರು ಇರಬೇಕು. ನಿಮ್ಮಲ್ಲಿ ಇದೆ ಅಂದರೆ ಅದೃಷ್ಟ. ಹುಡುಗಿಯರದ್ದು ಜೂನಿಯರ್ ವಿಂಗ್, ಎರಡು ವರ್ಷದ ಕೋರ್ಸು, ಕೊನೆಗೆ 'ಎ' ಸರ್ಟಿಫಿಕೇಟ್ ಪರೀಕ್ಷೆ. ಡ್ರಿಲ್ಲು, ನಕ್ಷೆ ಓದುವುದು, ಶಿಬಿರಕ್ಕೆ ಹೋದರೆ ಪಾಯಿಂಟ್ ಟೂ ಟೂ ರೈಫಲ್ಲಿನ ಗುರಿ ಅಭ್ಯಾಸ. ಪರೇಡಿನ ಹಾಜರಾತಿ ಕಟ್ಟುನಿಟ್ಟು, ಮದುವೆ ಮುಂಜಿ ಅಂತ ತಪ್ಪಿಸುತ್ತಾ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೇಡ್ ಮುಗಿದ ಮೇಲೆ ಕೊಡುವ ತಿಂಡಿಯ ಆಸೆಗೆ ಸೇರುವ ಮಕ್ಕಳೂ ಇದ್ದಾರೆ, ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ಉಪಯೋಗ ಅಂತ ಕೇಳಿದಿರಲ್ಲ, 'ಎ' ಒಂದರಿಂದ ದೊಡ್ಡದೇನೂ ಕೈಗೆ ಬರುವುದಿಲ್ಲ. ಸಿಇಟಿಯ ಎನ್‌ಸಿಸಿ ಸೀಟುಗಳು ಬೆರಳೆಣಿಕೆಯಷ್ಟು, ಮೇಲಿನ ಹಂತದ ಶಿಬಿರ ಮಾಡಿದವರು ಮುಂದಿರುತ್ತಾರೆ. ತೂಕ ಇರುವುದು ಕಾಲೇಜಿನಲ್ಲಿ ಸಿಗುವ 'ಸಿ' ಸರ್ಟಿಫಿಕೇಟಿಗೆ. ಅದರಲ್ಲಿ ಒಳ್ಳೆಯ ಗ್ರೇಡ್ ಇದ್ದರೆ ಪದವಿಯ ನಂತರ ಸೇನೆಯ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸೇನಾಧಿಕಾರಿಗಳ ಆಯ್ಕೆ ಮಂಡಳಿಯ, ಅಂದರೆ ಎಸ್‌ಎಸ್‌ಬಿ ಸಂದರ್ಶನದ ಅವಕಾಶವಿದೆ. ಮಗಳಿಗೆ ಪೊಲೀಸ್, ಸೇನೆ ಅಂತ ಕನಸಿದ್ದರೆ ಎನ್‌ಸಿಸಿ. ಇಲ್ಲದಿದ್ದರೆ ಗೈಡ್ಸ್. ಎರಡೂ ಬೇಡ, ಸಮಯ ಒಂದರ ಮೇಲೊಂದು ಬೀಳುತ್ತದೆ.

ವಿಜ್ಞಾನ ಸಂಘ ನನ್ನದೇ ಆದ್ದರಿಂದ ಹೊಗಳಲು ಸಂಕೋಚ. ನಾವು ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಮಳೆ ಅಳೆದದ್ದು. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ, ಪಕ್ಕಕ್ಕೆ ಸ್ಕೇಲು ಅಂಟಿಸಿದರೆ ಮಳೆಮಾಪಕ ತಯಾರು. ಮಕ್ಕಳು ತಮ್ಮ ತಮ್ಮ ಊರಿನಲ್ಲಿ ಇಟ್ಟು ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದರು. ಒಂದೇ ಊರಿನ ಇಬ್ಬರ ಲೆಕ್ಕ ತಾಳೆಯೇ ಆಗಲಿಲ್ಲ. ನೀನು ಸುಳ್ಳು ಬರೆದಿದ್ದೀಯ ಅಂತ ಜಗಳ. ಕೊನೆಗೆ ಹೋಗಿ ನೋಡಿದರೆ ಒಂದು ಬಾಟಲಿ ಹೊಂಗೆ ಮರದ ಪಕ್ಕದಲ್ಲಿತ್ತು. ಗಾಳಿ ಒಂದು ಕಡೆಯಿಂದ ಬೀಸಿದರೆ ಮರ ಮಳೆಯನ್ನು ತಡೆಯುತ್ತದೆ ಅಂತ ಅವರೇ ಕಂಡುಕೊಂಡರು. ಖರ್ಚು ಶೂನ್ಯ, ಬ್ಯಾನರೂ ಇಲ್ಲ.

ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳೇ ಉಪಕರಣ ಬಳಸಿ ಮಾದರಿ ಮಾಡುವ ಪ್ರಯೋಗಾಲಯ) ಇದ್ದರೆ ಎಷ್ಟು ಯಂತ್ರಗಳಿವೆ ಅಂತ ಕೇಳಬೇಡಿ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ಸಂಜೆ ಕೊಡುತ್ತಾರಾ ಅಂತ ಕೇಳಿ. ಇನ್‌ಸ್ಪೈರ್ ಮಾನಕ್ ಯೋಜನೆಯ ಬಗ್ಗೆಯೂ ವಿಚಾರಿಸಿ. ಶಾಲೆಯಿಂದ ಮಕ್ಕಳ ಹೊಸ ಆಲೋಚನೆಗಳನ್ನು ಆನ್‌ಲೈನ್‌ನಲ್ಲಿ ಕಳಿಸುತ್ತಾರೆ, ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ದಯವಿಟ್ಟು ನೀವು ಕೂತು ಮಾದರಿ ಮಾಡಿಕೊಡಬೇಡಿ. ತೀರ್ಪುಗಾರರು ಒಂದು ಪ್ರಶ್ನೆ ಕೇಳಿದರೆ ಸಾಕು, ಅಪ್ಪ ಮಾಡಿದ್ದು ಯಾವುದು, ಮಗು ಮಾಡಿದ್ದು ಯಾವುದು ಅಂತ ಗೊತ್ತಾಗುತ್ತದೆ.

ಪ್ರತಿಭಾ ಕಾರಂಜಿ ಸಂಘವಲ್ಲ, ಸ್ಪರ್ಧೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಏರುತ್ತದೆ. ಭಾವಗೀತೆಯೋ, ಆಶುಭಾಷಣವೋ, ರಂಗೋಲಿಯೋ, ಅವಳಿಗೆ ಬರುವುದಕ್ಕೆ ಹೆಸರು ಕೊಡಲಿ. ವಾರಗಟ್ಟಲೆ ಸಮಯ ತಿನ್ನುವುದಿಲ್ಲ. ಬಾಡಿಗೆ ಉಡುಪು, ಮೇಕಪ್ಪು ಅಂತ ಸಾವಿರಗಟ್ಟಲೆ ಸುರಿಯುವವರನ್ನು ನೋಡಿ ನೀವು ಮೈಮರೆಯಬೇಡಿ.

ನೀವು ಕೇಳದೇ ಇದ್ದ ಒಂದನ್ನೂ ಸೇರಿಸುತ್ತೇನೆ, ಶಾಲಾ ಸಂಸತ್ತು. ಜೂನ್ ಜುಲೈನಲ್ಲಿ ಚುನಾವಣೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಈಗೀಗ ಮೊಬೈಲ್ ಆ್ಯಪನ್ನೇ ಮತಯಂತ್ರ ಮಾಡಿಕೊಂಡು ಬೀಪ್ ಸದ್ದೂ ಬರಿಸುತ್ತಾರೆ. ಗೆದ್ದವರು ಆರೋಗ್ಯ ಮಂತ್ರಿ, ಆಹಾರ ಮಂತ್ರಿ ಅಂತ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಬಹಳ ಕಡೆ ಕತೆ ಅಲ್ಲಿಗೇ ಮುಗಿಯುತ್ತದೆ. ಆದರೆ ಹಳ್ಳಿ ಕಡೆ ಗ್ರಾಮ ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಅಧ್ಯಕ್ಷರು, ಪಿಡಿಓ ಎದುರು ಮಕ್ಕಳು ಕುಡಿಯುವ ನೀರು, ಶೌಚಾಲಯ, ಬಸ್ಸು ಅಂತ ಕೇಳಬಹುದು. ಸಂಸತ್ತಿನಲ್ಲಿ ಚರ್ಚೆ ಮಾಡಿ ಪಟ್ಟಿ ಹಿಡಿದು ಹೋಗುವ ಶಾಲೆ ನಿಮ್ಮದಾದರೆ ಮಗಳು ಚುನಾವಣೆಗೆ ನಿಲ್ಲಲಿ, ಸೋತರೂ ಸರಿ.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಗೈಡ್ಸ್ ಮತ್ತು ವಿಜ್ಞಾನ ಸಂಘಕ್ಕೆ ಹೆಸರು ಕೊಡಿಸುತ್ತಿದ್ದೆ, ಎರಡನ್ನೂ ನಡೆಸುವವರು ಚುರುಕಾಗಿದ್ದರೆ ಮಾತ್ರ. ದಸರಾ ರಜೆಯವರೆಗೆ ನೋಡಿ. ಮನೆಗೆ ಬಂದು ಸಂಘದ ಸುದ್ದಿ ತಾನಾಗಿ ಹೇಳುತ್ತಿಲ್ಲ ಅಂದರೆ ಬಿಡಿಸಿ, ಯಾರೂ ಏನೂ ಅನ್ನುವುದಿಲ್ಲ.

ಶಾಲೆ ಮುಗಿದ ಮೇಲೆ ಚಟುವಟಿಕೆ ನಡೆದರೆ ಊರಿಗೆ ವಾಪಸ್ ಬಸ್ಸು ಇದೆಯೇ ಎನ್ನುವುದನ್ನು ಮೊದಲೇ ನೋಡಿಕೊಳ್ಳಿ. ಚೆನ್ನಾಗಿ ಮಾಡುತ್ತಿದ್ದ ಹುಡುಗಿಯರು ಸಂಘ ಬಿಟ್ಟದ್ದನ್ನು ನೋಡಿದ್ದೇನೆ, ಬಹುಪಾಲು ಕಾರಣ ಅಂಕವಲ್ಲ, ಐದೂಕಾಲರ ಬಸ್ಸು. ಬಸ್ ಸಮಸ್ಯೆ ಇರುವ ನಾಲ್ಕೈದು ಮನೆಯವರು ಒಟ್ಟಿಗೆ ಹೋಗಿ ಎಚ್‌.ಎಂ. ಹತ್ತಿರ ಕೇಳಿದರೆ ಶನಿವಾರದ ಅರ್ಧ ದಿನಕ್ಕೆ ಬದಲಾಯಿಸುತ್ತಾರೆ, ನಮ್ಮಲ್ಲಿ ಹಾಗೇ ಆಯಿತು. ಎನ್‌ಸಿಸಿಯೇ ಆಗಬೇಕು ಅಂತ ಮಗಳು ಹಟ ಹಿಡಿದರೆ ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಈಗಲೇ ಮಾಡಿಸಿಡಿ. ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಒಂದೇ ಥರ ಇವೆಯಾ ನೋಡಿ. ಅರ್ಜಿ ತುಂಬುವಾಗ ಗಾಡಿ ನಿಲ್ಲುವುದು ಅಲ್ಲೇ.