ಪೆಟ್ಟಿಗೆ ಬಿಡಿ, ಮಸಿ ನೋಡಿ

ಹಾವೇರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹಳೆಯ ಯೆಹೂದಿ ದೇವಾಲಯಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಮೇಲೆ ಅವರಿಗೆ ಸಿಟ್ಟು. ಕಾಗದದ ಸಾರ ಇಷ್ಟು: "ಆರು ಪುಟ ಬರೆದಿರಿ. ಮೋಶೆಯ ಕಾಲದ ಚಿನ್ನದ ಮಂಜೂಷ ಈಗ ಎಲ್ಲಿದೆ ಅಂತ ಒಂದು ಸಾಲೂ ಇಲ್ಲ. ಯಾವುದೋ ಧೂಪದ ಕಲ್ಲಿಗೆ ಹಿಡಿದ ಮಸಿಗೆ ಮಾತ್ರ ಒಂದು ಪುಟ ಪೂರ್ತಿ ಕೊಟ್ಟಿದ್ದೀರಿ. ಮಂಜೂಷ ಸಿಕ್ಕಿದೆ ಅಂತ ಯೂಟ್ಯೂಬಿನಲ್ಲಿ ವಿಡಿಯೋ ಇದೆ, ಮೊಮ್ಮಗ ತೋರಿಸಿದ. ಓದುಗರಿಗೆ ಬೇಕಾದ್ದನ್ನು ಯಾಕೆ ಮುಚ್ಚಿಡುತ್ತೀರಿ?"

ಮೇಷ್ಟ್ರೇ, ನಿಮ್ಮ ಕಾಗದ ಎರಡು ಸಲ ಓದಿದೆ. ಅಕ್ಷರ ಎಷ್ಟು ದುಂಡಗಿದೆ ಅಂದರೆ ಆಫೀಸಿನ ಹುಡುಗರನ್ನೆಲ್ಲ ಕರೆದು ತೋರಿಸಿದೆ. ಆದರೆ ನಿಮ್ಮ ಪ್ರಶ್ನೆಯ ಜೊತೆ ನನಗೆ ಜಗಳವಿದೆ.

ಯೆಹೂದಿಗಳ ಪ್ರವಾದಿ ಮೋಶೆಗೆ ದೇವರು ಕೊಟ್ಟ ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳನ್ನು ಇಟ್ಟಿದ್ದ ಪೆಟ್ಟಿಗೆಯೇ ಈ ಮಂಜೂಷ ಅನ್ನುತ್ತದೆ ಬೈಬಲ್. ಅದನ್ನು ನಂಬುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಇಥಿಯೋಪಿಯಾದ ಆಕ್ಸುಮ್ ಊರಿನ ಕ್ರೈಸ್ತರು ಅದು ತಮ್ಮ ಮರಿಯಮ್ಮನ ಗುಡಿಯ ಆವರಣದಲ್ಲೇ ಇದೆ ಅನ್ನುತ್ತಾರೆ. ಒಬ್ಬ ಸನ್ಯಾಸಿ ಅದನ್ನು ಕಾಯುತ್ತಾನೆ, ಬೇರೆ ಯಾರಿಗೂ ತೋರಿಸುವುದಿಲ್ಲ. ಅದು ಅವರ ಭಕ್ತಿ. ಅದಕ್ಕೆ ಕೈ ಮುಗಿಯುತ್ತೇನೆ. ನನ್ನ ತಕರಾರು ಸಲಿಕೆ ಹಿಡಿದು ಹೊರಟವರ ಜೊತೆ, ಮತ್ತೆ ಅವರ ಹಿಂದೆ ಕ್ಯಾಮೆರಾ ಹಿಡಿದು ಹೊರಟವರ ಜೊತೆ.

ಆ ಪೆಟ್ಟಿಗೆ ಎಂಥದ್ದು ಅಂತ ಮೊದಲು ನೋಡೋಣ. ಅಳತೆ ಬೈಬಲ್ಲಿನ ವಿಮೋಚನಕಾಂಡದಲ್ಲಿದೆ. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ಮೊಣಕೈ ಮೇಜಿನ ಮೇಲಿಟ್ಟು ನೀವೇ ಅಳೆಯಿರಿ. ಮನೆಯ ಅಟ್ಟದ ಮೇಲಿರುವ ದೊಡ್ಡ ಟ್ರಂಕಿನಷ್ಟು ಬರುತ್ತದೆ. ಜಾಲಿ ಮರ, ಒಳಗೂ ಹೊರಗೂ ಚಿನ್ನದ ತಗಡು. ಬದಿಗಳಲ್ಲಿ ಬಳೆ, ಬಳೆಯೊಳಗೆ ಹೊರುವ ಕೋಲು. ಆ ಕೋಲುಗಳನ್ನು ಯಾವತ್ತೂ ಕಳಚಬಾರದು ಅಂತ ಕಟ್ಟಳೆ. ಇಡೀ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಅದು. ಜನ ಅಲೆಯುತ್ತಾ, ಮಂಜೂಷ ಗುಡಾರದಲ್ಲಿದ್ದಾಗ ಸರಿ, ಹೊತ್ತು ತಿರುಗಬೇಕು. ಆದರೆ ಅರಸ ಸೊಲೊಮೋನ ಯೆರೂಸಲೇಮಿನಲ್ಲಿ ಕಲ್ಲು, ದೇವದಾರುಗಳ ದೇವಾಲಯ ಕಟ್ಟಿಸಿದ. ಉದ್ದ, ಅಗಲ, ಎತ್ತರ ಮೂರೂ 20 ಮೊಳ ಇರುವ, ಮಹಾಪವಿತ್ರಸ್ಥಳ ಅನ್ನುವ ಒಳಕೋಣೆಯಲ್ಲಿ ಮಂಜೂಷ ಇಡಿಸಿದ. ಆಮೇಲೂ ಕೋಲುಗಳು ಹಾಗೇ ಇದ್ದವು, ಮುಂದಿನ ಕೋಣೆಯಿಂದ ತುದಿ ಕಾಣುತ್ತಿತ್ತು ಅಂತ ಬೈಬಲ್ಲಿನದೇ ಅರಸುಗಳ ಪುಸ್ತಕ ಹೇಳುತ್ತದೆ. ಸ್ವಂತ ಮನೆ ಆದ ಮೇಲೂ ಹೊರಡಲು ತಯಾರಾಗಿ ಕೂತ ಪೆಟ್ಟಿಗೆ ಅದು.

ಅದನ್ನು ತಾಯಿತ ಮಾಡಿಕೊಂಡವರ ಕಥೆಯನ್ನೂ ಬೈಬಲ್ಲೇ ಬರೆದಿಟ್ಟಿದೆ. ಅದು ಸೊಲೊಮೋನನಿಗಿಂತ ಮೊದಲಿನ ಮಾತು. ನೆರೆಯ ಫಿಲಿಷ್ಟಿಯರ ಜೊತೆ ಯುದ್ಧದಲ್ಲಿ ಸೋತ ಇಸ್ರಾಯೇಲರು, ಮಂಜೂಷ ಬಂದರೆ ಗೆಲ್ಲುತ್ತೇವೆ ಅಂತ ಅದು ಆಗ ಇದ್ದ ಶಿಲೋ ಊರಿನಿಂದ ಹೊತ್ತು ತಂದರು. ಮತ್ತೆ ಸೋತರು, ಮಂಜೂಷವೂ ಶತ್ರುಗಳ ಪಾಲಾಯಿತು (ವಾಪಸ್ ಬಂದದ್ದು ಆಮೇಲಿನ ಮಾತು). ಶಿಲೋವಿನಲ್ಲಿ 98 ವರ್ಷದ, ಕಣ್ಣು ಕಾಣದ ಯಾಜಕ ಏಲಿ ದಾರಿ ಕಾಯುತ್ತಾ ಪೀಠದ ಮೇಲೆ ಕೂತಿದ್ದ. ಓಡಿ ಬಂದವನು ಸೋಲಿನ ಸುದ್ದಿ ಹೇಳಿದ. ಇಬ್ಬರು ಮಕ್ಕಳೂ ಸತ್ತರು ಅಂದ. ಮುದುಕ ಕೇಳಿಸಿಕೊಂಡ. ಮಂಜೂಷ ಅನ್ನುವ ಮಾತು ಬಂದ ಕೂಡಲೇ ಹಿಂದಕ್ಕೆ ಬಿದ್ದು ಕತ್ತು ಮುರಿದುಕೊಂಡು ಸತ್ತ. ಈ ಕಥೆ ಓದಿದ ಮೇಲೂ ಪೆಟ್ಟಿಗೆ ಒಂದು ಸಿಕ್ಕಿದರೆ ಎಲ್ಲಾ ಸಿಕ್ಕಿದಂತೆ ಅಂದುಕೊಳ್ಳುವುದು ಹೇಗೆ ಅಂತ ನನಗೆ ತಿಳಿಯುವುದಿಲ್ಲ.

ಇನ್ನು ಅದು ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆ. ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನವರು ಯೆರೂಸಲೇಮಿನ ದೇವಾಲಯ ಸುಟ್ಟರು. ಏನೇನು ಹೊತ್ತೊಯ್ದರು ಅಂತ ಪಟ್ಟಿಯಿದೆ. ಹಂಡೆ, ಸಲಿಕೆ, ದೀಪದ ಕತ್ತರಿ ಕೂಡ ಬಿಟ್ಟಿಲ್ಲ. ಮುಂದೆ ಬಾಬಿಲೋನನ್ನು ಗೆದ್ದ ಪರ್ಷಿಯಾದ ಅರಸ ಕೋರೆಷ ಪಾತ್ರೆಗಳನ್ನು ವಾಪಸ್ ಕೊಟ್ಟಾಗ ಬೈಬಲ್ಲಿನ ಎಜ್ರನ ಪುಸ್ತಕ ಮತ್ತೆ ಲೆಕ್ಕ ಹಾಕುತ್ತದೆ: 30 ಚಿನ್ನದ ಬೋಗುಣಿ, 1000 ಬೆಳ್ಳಿ ಬೋಗುಣಿ, ಹೀಗೆ ಎಲ್ಲಾ ಸೇರಿ 5400. ಎರಡು ಪಟ್ಟಿಯಲ್ಲೂ ಮಂಜೂಷ ಇಲ್ಲ. ಬೋಗುಣಿ ಎಣಿಸಿದವರು ಮಂಜೂಷ ಮರೆತಾರಾ? ಪ್ರವಾದಿ ಯೆರೆಮೀಯನ ಪುಸ್ತಕವಂತೂ ನೇರವಾಗಿ ಹೇಳುತ್ತದೆ: ಮುಂದೆ ಜನ ಮಂಜೂಷದ ಮಾತೆತ್ತುವುದಿಲ್ಲ, ಅದನ್ನು ನೆನೆಯುವುದಿಲ್ಲ, ಇನ್ನೊಂದು ಮಾಡುವುದೂ ಇಲ್ಲ.

ಮಾಡಲಿಲ್ಲ ಕೂಡ. ಬಾಬಿಲೋನಿನಿಂದ ವಾಪಸ್ ಬಂದವರು ಕಟ್ಟಿದ ಎರಡನೇ ದೇವಾಲಯದ ಒಳಕೋಣೆ ಖಾಲಿ. ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಊರು ಗೆದ್ದು ಒಳಗೆ ನುಗ್ಗಿದಾಗ ಅಲ್ಲಿ ಯಾವ ದೇವರ ಮೂರ್ತಿಯೂ ಕಾಣಲಿಲ್ಲ ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನೆಲದಿಂದ ಮೂರು ಬೆರಳು ಎತ್ತರದ ಒಂದು ಕಲ್ಲು ಮಾತ್ರ ಇತ್ತು ಅನ್ನುತ್ತದೆ ಯೆಹೂದಿಗಳ ಹಳೆಯ ಕಟ್ಟಳೆಗಳ ಗ್ರಂಥ ಮಿಷ್ನಾ. ವರ್ಷಕ್ಕೊಂದು ದಿನ ಮಹಾಯಾಜಕ ಕೆಂಡದ ಪಾತ್ರೆ ತಂದು ಆ ಕಲ್ಲಿನ ಮೇಲಿಡುತ್ತಿದ್ದ, ಕೆಂಡಕ್ಕೆ ಧೂಪ ಹಾಕುತ್ತಿದ್ದ, ಕೋಣೆಯೆಲ್ಲ ಹೊಗೆ ತುಂಬುತ್ತಿತ್ತು. ಪೆಟ್ಟಿಗೆ ಇಲ್ಲ ಅಂತ ಪೂಜೆ ನಿಲ್ಲಲಿಲ್ಲ, ಮೇಷ್ಟ್ರೇ.

ಈಗ ಹುಡುಕಿದವರ ವಿಷಯ. 1909ರಲ್ಲಿ ಮಾಂಟಾಗು ಪಾರ್ಕರ್ ಅನ್ನುವ ಇಂಗ್ಲಿಷ್ ಸಿರಿವಂತರ ಮನೆಯ ಹುಡುಗ ಯೆರೂಸಲೇಮಿಗೆ ಬಂದ. ಬೈಬಲ್ಲಿನಲ್ಲಿ ಗುಪ್ತ ಸಂಕೇತ ಓದಿದ್ದೇನೆ ಅಂದ ಫಿನ್ಲೆಂಡಿನ ಒಬ್ಬನ ಮಾತು ನಂಬಿ ಗೀಹೋನ್ ಚಿಲುಮೆಯ ಸುತ್ತ ಸುರಂಗ ತೋಡಿಸಿದ. 1911ರಲ್ಲಿ ಕಾವಲಿನವರಿಗೆ ಲಂಚ ಕೊಟ್ಟು, ರಾತ್ರಿ ಹೊತ್ತು, ಹಳೆಯ ದೇವಾಲಯದ ಜಾಗದಲ್ಲಿರುವ ಮುಸ್ಲಿಮರ ಪವಿತ್ರ ಸ್ಥಳ ಹರಮ್ ಶರೀಫ್ ಆವರಣದಲ್ಲೇ ಅಗೆದ. ಸಿಕ್ಕಿಬಿದ್ದ, ಊರೆಲ್ಲ ರೊಚ್ಚಿಗೆದ್ದಿತು, ಯಾಫಾ ಬಂದರಿಗೆ ಓಡಿ ಹಡಗು ಹತ್ತಿದ. ನಮ್ಮಲ್ಲಿ ಇಂಥವರಿಗೆ ನಿಧಿಗಳ್ಳರು ಅಂತೀವಿ. ಅವನ ಜೊತೆಗಿದ್ದ ಪಾದ್ರಿ ವ್ಯಾನ್ಸಾಂ ಆ ಸುರಂಗಗಳನ್ನು ಶ್ರದ್ಧೆಯಿಂದ ಅಳೆದು ನಕ್ಷೆ ಬರೆದಿಟ್ಟರು, ಅದು ಇವತ್ತಿಗೂ ವಿದ್ವಾಂಸರಿಗೆ ಬೇಕು. ಆ ಮನುಷ್ಯನಿಗೆ ಚಿನ್ನದ ಚಿಂತೆ ಇರಲಿಲ್ಲ.

ಬೇಕು ಬೇಕು ಅಂತ ಕೂತವರಿಗೆ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಹೆಬ್ಬೆರಳಿನಷ್ಟು ದಂತದ ದಾಳಿಂಬೆಯೊಂದನ್ನು ಇಸ್ರೇಲ್ ಮ್ಯೂಸಿಯಂ 1988ರಲ್ಲಿ 5,50,000 ಡಾಲರ್ ಕೊಟ್ಟು ಕೊಂಡಿತು. ಅದರ ಮೇಲೆ ಕೆತ್ತಿದ್ದ ಬರಹ ನಂಬಿ, ಸೊಲೊಮೋನನ ದೇವಾಲಯದ್ದು ಅಂತ ಉಳಿದಿರುವ ಒಂದೇ ವಸ್ತು ಅದು ಅಂತ ಜನ ಸಾಲುಗಟ್ಟಿ ನೋಡಿದರು. 2004ರಲ್ಲಿ ಮ್ಯೂಸಿಯಮ್ಮೇ ಹೇಳಿತು: ದಂತ ಹಳೆಯದು, ಮೇಲಿನ ಬರಹ ಈಚಿನ ಕಾಲದವರು ಕೆತ್ತಿದ್ದು.

ನನಗೆ ಈ ವಿಷಯದಲ್ಲಿ ಇಷ್ಟು ಸಂಕಟ ಯಾಕೆ ಅಂತ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಒಂದು ರಾತ್ರಿ ಏಜೆನ್ಸಿ ಸುದ್ದಿ ಬಂತು. "ಮಂಜೂಷ ಸಿಕ್ಕಿತೇ?" ಅಂತ ತಲೆಬರಹ ಕೊಟ್ಟೆ. ಮೇಲಿನವರು ಆ "ಏ" ತೆಗೆದು, ಪ್ರಶ್ನೆ ಚಿಹ್ನೆ ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ಆಶ್ಚರ್ಯ ಚಿಹ್ನೆ ಹಾಕಿದರು. ಬೆಳಗ್ಗೆ ಬಸ್ಸಿನಲ್ಲಿ ಒಬ್ಬರು ಅದನ್ನು ಪಕ್ಕದವರಿಗೆ ಜೋರಾಗಿ ಓದಿ ಹೇಳುತ್ತಿದ್ದರು. ಸಿಗಲಿಲ್ಲ ಅನ್ನುವ ಸುದ್ದಿಯನ್ನು ನಾವು ಯಾವತ್ತೂ ಹಾಕಲಿಲ್ಲ. ನಿಮ್ಮ ಮೊಮ್ಮಗ ತೋರಿಸಿದ ವಿಡಿಯೋ ಅದೇ ಆಶ್ಚರ್ಯ ಚಿಹ್ನೆಯ ಮಗ. 40 ನಿಮಿಷ ಕೂತು ನೋಡಿದೆ. ಒಂದು ಅಳತೆ ಇಲ್ಲ, ಒಂದು ಚೂರು ಮಡಕೆ ಇಲ್ಲ. ಕನ್ನಡದಲ್ಲಿ ಓದುವವರಿಗೆ ಇಷ್ಟೇ ಸಾಕು ಅಂತ ತೀರ್ಮಾನ ಮಾಡಿದವರು ಯಾರು?

ಮಸಿಗೆ ಬರುತ್ತೇನೆ. ಇಸ್ರೇಲಿನ ನೆಗೆವ್ ಒಣನಾಡಿನ ಅರಾದ್ ಕೋಟೆಯನ್ನು ಪುರಾತತ್ವ ವಿದ್ವಾಂಸ ಯೊಹಾನನ್ ಅಹರೋನಿ 1962ರಿಂದ ಅಗೆಸಿದರು. ಯೆಹೂದ ರಾಜ್ಯದ ಕಾಲದ ಒಂದು ಸಣ್ಣ ದೇವಾಲಯ ಸಿಕ್ಕಿತು. ಒಳಕೋಣೆಯ ಬಾಗಿಲಲ್ಲಿ ಸುಣ್ಣಕಲ್ಲಿನ ಎರಡು ಧೂಪವೇದಿಗಳು, ಎತ್ತರ ಅರ್ಧ ಮೀಟರಿನ ಆಸುಪಾಸು. ಅವನ್ನು ಯಾರೋ ಜೋಪಾನವಾಗಿ ಮಲಗಿಸಿ ಮಣ್ಣು ಮುಚ್ಚಿದ್ದರು. ತಲೆಯ ಮೇಲೆ ಕಪ್ಪು ಕರಕಲು ಹಾಗೇ ಅಂಟಿಕೊಂಡಿತ್ತು. ಪುಣ್ಯಾತ್ಮರು ಅದನ್ನು ಉಜ್ಜಿ ತೊಳೆಯಲಿಲ್ಲ. ಆಗ ಪರೀಕ್ಷೆ ಮಾಡಿದರು, ಏನೂ ಗೊತ್ತಾಗಲಿಲ್ಲ. ಕಾದರು. 2020ರಲ್ಲಿ ಫಲಿತಾಂಶ ಬಂತು: ದೊಡ್ಡ ವೇದಿಯ ಮೇಲೆ ಫ್ರಾಂಕಿನ್ಸೆನ್ಸ್ ಅನ್ನುವ ಧೂಪದ ಅಂಟು, ಚೆನ್ನಾಗಿ ಉರಿಯಲಿ ಅಂತ ಪ್ರಾಣಿಯ ಕೊಬ್ಬಿನ ಜೊತೆ. ಚಿಕ್ಕದರ ಮೇಲೆ ಗಾಂಜಾ, ನಿಧಾನವಾಗಿ ಉರಿಯಲಿ ಅಂತ ಸಗಣಿಯ ಜೊತೆ. ವಿಮೋಚನಕಾಂಡದ ಧೂಪದ ಪಟ್ಟಿಯಲ್ಲಿ ಗಾಂಜಾದ ಹೆಸರೇ ಇಲ್ಲ. 2700 ವರ್ಷದ ಹಿಂದೆ ಒಬ್ಬ ಯಾಜಕ ಬೆಳಗ್ಗೆ ಎದ್ದು ಕೈಯಾರೆ ಏನು ಕಲಸಿ ಸುಟ್ಟ ಅಂತ ಈಗ ಗೊತ್ತು. ಯಾವ ಚಿನ್ನದ ಪೆಟ್ಟಿಗೆ ಇದನ್ನು ಹೇಳೀತು? ಅದಕ್ಕೇ ಒಂದು ಪುಟ ಕೊಟ್ಟೆ. ಮುಂದಿನ ಸಲ ಎರಡು ಪುಟ ಕೊಡುತ್ತೇನೆ.

ಮಸಿ ಅಂದರೆ ನಮ್ಮಲ್ಲಿ ಬರೆಯುವ ಮಸಿಯೂ ಹೌದಲ್ವಾ. ಅದೇ ಕೋಟೆಯಲ್ಲಿ ಮಸಿಯಲ್ಲಿ ಬರೆದ ಮಡಕೆ ಚೂರುಗಳೂ ಸಿಕ್ಕಿವೆ. ಹೆಚ್ಚಿನವು ಹಿಟ್ಟು, ದ್ರಾಕ್ಷಾರಸ, ಎಣ್ಣೆ ಕೊಟ್ಟು ಕಳಿಸು ಅನ್ನುವ ಚೀಟಿಗಳು. ಒಂದು ಚೀಟಿ ಮಾತ್ರ ಬೇರೆ ತರಹ. ಸೊಲೊಮೋನನ ದೇವಾಲಯ ಸುಟ್ಟುಹೋಗುವ ಕೆಲವೇ ವರ್ಷ ಮೊದಲು ಕೋಟೆಯ ಅಧಿಕಾರಿ ಎಲ್ಯಾಷೀಬನಿಗೆ ಯಾರೋ ಬರೆದದ್ದು. ನೀವು ಹೇಳಿದ ಕೆಲಸ ಸರಿಹೋಯಿತು ಅಂತ ತಿಳಿಸಿ, ಒಬ್ಬನ ಸುದ್ದಿ ಹೇಳುತ್ತಾನೆ. ಅವನ ಹೆಸರು ಬರೆದಿಲ್ಲ, ಓದುವವನಿಗೆ ಗೊತ್ತಿತ್ತು. ಅವನು ಯೆಹೋವನ ಮನೆಯಲ್ಲಿ, ಅಂದರೆ ದೇವಾಲಯದಲ್ಲಿ ಇದ್ದಾನೆ, ಅಷ್ಟೇ.