ಆಣೆ ಮಾಡಿದರೂ ಯಾಕೆ ಬಿಡಲಾಗುವುದಿಲ್ಲ?

ಪ್ರಶ್ನೆ: ನನ್ನ ತಂಗಿಗೆ 19 ವರ್ಷ. ಪುಣೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನಸ್ಸು ಕೆಟ್ಟಾಗ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾಳೆ. ಅಮ್ಮನ ಮೇಲೆ ಆಣೆ ಮಾಡಿದ್ದಳು, ಮತ್ತೆ ಮಾಡಿಕೊಂಡಳು. ‘ಚಟ ಆಗಿಬಿಟ್ಟಿದೆ ಅಕ್ಕಾ’ ಅನ್ನುತ್ತಾಳೆ. ಹೀಗೂ ಆಗುತ್ತದೆಯೇ?
– ಓದುಗರು, ಡೊಂಬಿವಲಿ

ಉತ್ತರ: ಆಗುತ್ತದೆ. ತಂಗಿಯ ಮಾತನ್ನು ನಂಬಿ. ಗಾಯವಾದಾಗ ದೇಹ ತನ್ನದೇ ನೋವುನಿವಾರಕ ಎಂಡಾರ್ಫಿನ್ ಬಿಡುತ್ತದೆ. ನೋವು ಇಳಿಯುವಾಗ ಮನಸ್ಸಿನ ಸಂಕಟವೂ ಸ್ವಲ್ಪ ಹೊತ್ತು ಇಳಿಯುತ್ತದೆ. ಮಿದುಳು ಈ ನಂಟನ್ನು ಬೇಗ ಕಲಿತುಬಿಡುತ್ತದೆ. ಆಮೇಲೆ ನಾಚಿಕೆ, ಮುಚ್ಚಿಡುವ ಭಯ. ಅದರಿಂದಲೇ ಮತ್ತೆ ಸಂಕಟ.

ಆದರೂ ವೈದ್ಯರು ಇದನ್ನು ಕುಡಿತ, ತಂಬಾಕಿನ ಸಾಲಿಗೆ ಸೇರಿಸಿಲ್ಲ. ಕುಡಿಯುವ ಆಸೆ ಮದುವೆಮನೆಯ ಖುಷಿಯಲ್ಲೂ ಹುಟ್ಟುತ್ತದೆ, ಈ ಸೆಳೆತ ಬರುವುದು ಹೆಚ್ಚಾಗಿ ಮನಸ್ಸು ಕುದಿಯುವಾಗ. ಹಾಗಾಗಿ ಚಿಕಿತ್ಸೆಯೂ ಆ ಕುದಿತಕ್ಕೇ ಬೇಕು. ಆಣೆಯಿಂದ ಅದು ಆರುವುದಿಲ್ಲ. ಆಣೆ ಮುರಿದರೆ ಅಪರಾಧಿ ಭಾವವೂ ಸೇರಿಕೊಂಡು, ಮುಂದಿನ ಸಲ ನಿಮ್ಮಿಂದಲೂ ಮುಚ್ಚಿಡುತ್ತಾಳೆ. ದಯವಿಟ್ಟು ಇನ್ನೊಂದು ಆಣೆ ಹಾಕಿಸಬೇಡಿ.

ಸೆಳೆತ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿಯೇ ಇಳಿಯುತ್ತದೆ. ‘ಇನ್ನೆಂದೂ ಬೇಡ’ ಅನ್ನುವ ಬದಲು ‘ಈಗ 15 ನಿಮಿಷ ಬೇಡ’ ಎಂದುಕೊಳ್ಳಲಿ. ಕಳೆದರೆ ಇನ್ನೊಂದು 15. ಆ ಹೊತ್ತಲ್ಲಿ ಕೋಣೆಯಲ್ಲಿ ಒಬ್ಬಳೇ ಇರದೆ ಮೆಸ್ಸಿಗೋ ಗೆಳತಿಯ ಕೋಣೆಗೋ ಹೋಗಲಿ. ಗಾಯಕ್ಕೆ ಬಳಸುವ ವಸ್ತು ಬೇರೆಯವರ ಬಳಿ ಇರಲಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣು, ಕೆನ್ನೆಯ ಮೇಲೊತ್ತಿ 15–20 ಸೆಕೆಂಡು ಉಸಿರು ಹಿಡಿದರೆ ಎದೆಬಡಿತ ನಿಧಾನವಾಗುತ್ತದೆ (ಹೃದಯದ ತೊಂದರೆ ಇದ್ದರೆ, ಊಟ ಬಿಡುತ್ತಿದ್ದರೆ ಇದು ಬೇಡ). ಆಮೇಲೆ 4 ಎಣಿಸುತ್ತ ಉಸಿರೆಳೆದು, 6 ಎಣಿಸುತ್ತ ಬಿಡಲಿ. ಗಾಯದ ಬದಲು ಬೇರೆ ಬಗೆಯಲ್ಲಿ ನೋವು ಮಾಡಿಕೊಳ್ಳುವ ಉಪಾಯಗಳು ಬೇಡ, ಅವು ಹಳೆಯ ನಂಟನ್ನೇ ಉಳಿಸುತ್ತವೆ.

ಫೋನಿನಲ್ಲಿ ‘ಕೈ ತೋರಿಸು’ ಅನ್ನಬೇಡಿ. ‘ಇವತ್ತು ಏನಾಯ್ತು?’ ಎಂದು ಕೇಳಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುವುದಿಲ್ಲ. ಹೌದು ಎಂದರೆ, ಅಥವಾ ಗಾಯ ಆಳವಾಗಿದ್ದರೆ, ಒಬ್ಬಳನ್ನೇ ಬಿಡದೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ವಾಹನ ಸಿಗದಿದ್ದರೆ 112.

ಹಾಗಿಲ್ಲದಿದ್ದರೂ ಈ ವಾರವೇ ಮನೋವೈದ್ಯರನ್ನು ಕಾಣಿಸಿ. ಪುಣೆಯ ಸಸೂನ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಸಂಕಟ ತಾಳುವ ಕೌಶಲಗಳನ್ನು ಕಲಿಸುವ ‘ಡಿಬಿಟಿ’ ಚಿಕಿತ್ಸೆ ಗೊತ್ತಿರುವವರು ಸಿಗುತ್ತಾರಾ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿ ಉಚಿತ. ನೀವೂ ಕರೆ ಮಾಡಬಹುದು.