ಮ್ಯೂನಿಕ್‌ನಲ್ಲಿ ಥೆರಪಿಸ್ಟ್ ಹುಡುಕುತ್ತಿರುವ ತಂಗಿಗೆ

ತಂಗಿ, ಅಕ್ಕ ಅಂತ ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡುತ್ತೇನೆ. ಮದುವೆಯಾಗಿ ಮ್ಯೂನಿಕ್‌ಗೆ ಬಂದ ಮೇಲೆ ನಿದ್ದೆ ಹೋಗಿದೆ, ಕೂತಲ್ಲೇ ಅಳು ಬರುತ್ತದೆ ಅಂದಿದ್ದೀಯ. ಇಲ್ಲಿ ಯಾರನ್ನು ನೋಡಬೇಕು, ಜರ್ಮನ್ ಬಾರದವರಿಗೆ ಹೊಂದುವಂಥ ಥೆರಪಿಸ್ಟ್ ಸಿಗುತ್ತಾರಾ, ಇದು ಎಲ್ಲಾದರೂ ದಾಖಲಾಗಿ ವೀಸಾಗೋ ಗಂಡನ ಕೆಲಸಕ್ಕೋ ತೊಂದರೆ ಆಗುತ್ತದಾ ಅಂತ ಕೇಳಿದ್ದೀಯ.

ಕೊನೆಯ ಪ್ರಶ್ನೆ ಮೊದಲು ಮುಗಿಸಿಬಿಡೋಣ. ನಮ್ಮವರು ತುಂಬಾ ಜನ ಈ ಒಂದು ಭಯಕ್ಕೇ ಹಲ್ಲು ಕಚ್ಚಿಕೊಂಡು ಕೂತಿರುತ್ತಾರೆ. ಇಲ್ಲಿ ಥೆರಪಿಸ್ಟ್ ನಿನ್ನ ಮಾತನ್ನು ಹೊರಗೆ ಬಾಯಿ ಬಿಟ್ಟರೆ ಅದು ಕ್ರಿಮಿನಲ್ ಅಪರಾಧ, ಜರ್ಮನ್ ದಂಡ ಸಂಹಿತೆಯ 203ನೇ ಕಲಂ. ಜೀವಕ್ಕೇ ಅಪಾಯ ಅನ್ನುವಂಥ ಸಂದರ್ಭ ಬಿಟ್ಟರೆ ನಿನ್ನ ಗಂಡನಿಗೂ ಹೇಳುವ ಹಾಗಿಲ್ಲ. ವೀಸಾ ಆಫೀಸಿಗೆ ಸುದ್ದಿ ಹೋಗುವುದಿಲ್ಲ. ಗಂಡನ ಇನ್ಶೂರೆನ್ಸ್‌ನಲ್ಲೇ ನೀನು ಇದ್ದರೂ ಅವರ ಕಂಪನಿಗೆ ಗೊತ್ತಾಗುವುದಿಲ್ಲ. ದುಡ್ಡು ಕೊಡುವುದು ಕ್ರಾಂಕೆನ್‌ಕಾಸೆ, ಅಂದರೆ ಹೆಲ್ತ್ ಇನ್ಶೂರೆನ್ಸ್ ಸಂಸ್ಥೆ, ಹಾಗಾಗಿ ಅವರಿಗೆ ಮಾತ್ರ ಕಾಯಿಲೆಯ ಕೋಡ್ ಹೋಗುತ್ತದೆ. ಒಂದು ಕಡೆ ಮಾತ್ರ ಇದು ಎದುರಿಗೆ ಬರಬಹುದು. ಮುಂದೆ ಖಾಸಗಿ ಹೆಲ್ತ್ ಇನ್ಶೂರೆನ್ಸ್ ಅಥವಾ ಕೆಲಸ ಮಾಡಲಾಗದೆ ಹೋದರೆ ಹಣ ಕೊಡುವ ಬಿ.ಯು. ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಹಿಂದಿನ ಚಿಕಿತ್ಸೆಗಳ ಬಗ್ಗೆ ಕೇಳುತ್ತಾರೆ, ನಿಜ ಹೇಳಬೇಕು. ಅದು ಗೊತ್ತಿರಲಿ ಅಂತ ಹೇಳಿದೆ. ಮುಂದೆಂದೋ ತೆಗೆದುಕೊಳ್ಳುವ ಪಾಲಿಸಿಗಾಗಿ ಈಗ ರಾತ್ರಿಯೆಲ್ಲ ಎದ್ದು ಕೂರುವುದು ನನಗಂತೂ ಬುದ್ಧಿವಂತಿಕೆ ಅನ್ನಿಸುವುದಿಲ್ಲ.

ಇನ್ನು ಯಾರನ್ನು ನೋಡಬೇಕು. ಮೊದಲು ನಿಮ್ಮ ಮನೆ ಹತ್ತಿರದ ಹೌಸ್‌ಆರ್ಟ್ಸ್ (ಫ್ಯಾಮಿಲಿ ಡಾಕ್ಟರ್) ಬಳಿ ಹೋಗಿ ಥೈರಾಯ್ಡ್, ಬಿ12 ನೋಡಿಸು. ಸಸ್ಯಾಹಾರಿ ಆದರೆ ಬಿ12 ಖಂಡಿತ ನೋಡಿಸು. ಮಾತ್ರೆ ಬೇಕಾಗಬಹುದು ಅನ್ನಿಸಿದರೆ ಅವರೇ ಸೈಕಿಯಾಟ್ರಿಸ್ಟ್ ಕಡೆ ಕಳಿಸುತ್ತಾರೆ. ಮಾತಿನ ಚಿಕಿತ್ಸೆಗೆ ಮಾತ್ರ ಯಾರ ಚೀಟಿಯೂ ಬೇಡ, ನೀನೇ ನೇರವಾಗಿ ಫೋನ್ ಮಾಡಬಹುದು. ಆದರೆ ಬೋರ್ಡ್ ಸರಿಯಾಗಿ ಓದು. ‘ಸೈಕೋಥೆರಪಾಯ್ಟ್’ ಅನ್ನುವ ಹೆಸರಿಗೆ 1999ರಿಂದ ಕಾನೂನಿನ ರಕ್ಷಣೆ ಇದೆ, ಓದಿ ಲೈಸೆನ್ಸ್ ಪಡೆದವರು ಮಾತ್ರ ಹಾಕಿಕೊಳ್ಳಬಹುದು. ‘ಕೋಚ್’ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಡುವೆ ಹೈಲ್‌ಪ್ರಾಕ್ಟಿಕರ್ ಅಂತ ಒಂದು ವರ್ಗ ಇದೆ, ಡಾಕ್ಟರ್ ಅಲ್ಲದಿದ್ದರೂ ಚಿಕಿತ್ಸೆ ಮಾಡಲು ಪರವಾನಗಿ ಇರುವವರು. ಅವರ ವೆಬ್‌ಸೈಟ್ ಚೆನ್ನಾಗಿರುತ್ತದೆ, ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ, ಇಂಗ್ಲಿಷೂ ಮಾತಾಡುತ್ತಾರೆ, ಆದರೆ ಸರ್ಕಾರಿ ಕ್ರಾಂಕೆನ್‌ಕಾಸೆ ಅವರಿಗೆ ದುಡ್ಡು ಕೊಡುವುದಿಲ್ಲ. ಹೊಸದಾಗಿ ಬಂದವರು ಹೆಚ್ಚಾಗಿ ಅಲ್ಲೇ ಜೇಬು ಖಾಲಿ ಮಾಡಿಕೊಳ್ಳುತ್ತಾರೆ.

ಮೊದಲ ಭೇಟಿಗೆ ಷ್ಪ್ರೆಷ್‌ಷ್ಟುಂಡೆ ಅಂತಾರೆ. 2018ರ ಏಪ್ರಿಲ್‌ನಿಂದ ಚಿಕಿತ್ಸೆ ಶುರುವಾಗುವ ಮುಂಚೆ ಇದು ಕಡ್ಡಾಯ. ಸಿಗದಿದ್ದರೆ 116117 ನಂಬರಿಗೆ ಫೋನ್ ಮಾಡು, ಡಾಕ್ಟರ್ ಭೇಟಿ ಹುಡುಕಿಕೊಡುವ ಸೇವೆ ಅದು, ಅಥವಾ ಅವರ ವೆಬ್‌ಸೈಟಿನಲ್ಲೇ ಬುಕ್ ಮಾಡು. ಒಂದು 50 ನಿಮಿಷ ಮಾತಾಡಿ, ಕೊನೆಗೆ ಪಿಟಿವಿ 11 ಅನ್ನುವ ಫಾರಂ ಕೊಡುತ್ತಾರೆ. ಅದನ್ನು ಜೋಪಾನವಾಗಿ ಇಟ್ಟುಕೋ. ಬೇಗ ಚಿಕಿತ್ಸೆ ಬೇಕು ಅಂತ ಅದರಲ್ಲಿ ಗುರುತು ಹಾಕಿ ಕೋಡ್ ಕೊಟ್ಟಿದ್ದರೆ, ಮುಂದಿನ ಭೇಟಿಯನ್ನೂ 116117ನವರೇ ಹುಡುಕಿಕೊಡಬೇಕು. ಒಂದು ವಿಷಯ: ಈ ಮೊದಲ ಭೇಟಿ ಕೊಟ್ಟವರ ಹತ್ತಿರ ಚಿಕಿತ್ಸೆಗೆ ಜಾಗ ಇರುತ್ತದೆ ಅಂತ ಏನೂ ಇಲ್ಲ. ಎದೆ ಬಿಚ್ಚಿ ಎಲ್ಲಾ ಹೇಳಿದ ಮೇಲೆ ‘ನನ್ನಲ್ಲಿ ಜಾಗ ಇಲ್ಲ’ ಅಂದುಬಿಟ್ಟರೆ ತುಂಬಾ ನೋವಾಗುತ್ತದೆ. ಅದಕ್ಕೇ ಶುರುವಿನಲ್ಲೇ ಕೇಳಿಬಿಡು.

ಆಮೇಲೆ ಬರುವುದು ಪ್ರೊಬಾಟೋರಿಶೆ ಸಿಟ್ಸುಂಗೆನ್, ಪರೀಕ್ಷೆಯ ಭೇಟಿಗಳು. ಕಡಿಮೆ ಅಂದರೆ ಎರಡು, ಸಾಮಾನ್ಯವಾಗಿ ನಾಲ್ಕರವರೆಗೆ. ಪೂರ್ತಿ ದುಡ್ಡು ಕ್ರಾಂಕೆನ್‌ಕಾಸೆಯದು. ಒಬ್ಬರು ಸರಿಹೋಗದಿದ್ದರೆ ಇನ್ನೊಬ್ಬರ ಹತ್ತಿರ ಮತ್ತೆ ಇದೇ ಭೇಟಿಗಳನ್ನು ಮಾಡಬಹುದು. ತಂಗಿ, ಇಡೀ ವ್ಯವಸ್ಥೆಯಲ್ಲಿ ನಿನಗೆ ಅತಿ ಹೆಚ್ಚು ಉಪಯೋಗ ಆಗುವುದು ಇದೇ, ನಮ್ಮವರು ಅತಿ ಕಡಿಮೆ ಬಳಸುವುದೂ ಇದನ್ನೇ. ಡಾಕ್ಟರ್ ಮುಂದೆ ಪ್ರಶ್ನೆ ಕೇಳುವುದು ನಮಗೆ ಅಭ್ಯಾಸ ಇಲ್ಲ. ತಿಂಗಳುಗಟ್ಟಲೆ ಕಾದು ಜಾಗ ಸಿಕ್ಕಿದೆ, ಇನ್ನು ಬಿಟ್ಟರೆ ಹೇಗೆ ಅಂತ ಹೊಂದದವರ ಹತ್ತಿರವೇ ಕೂತಿರುತ್ತೇವೆ. ನೀನು ಹಾಗೆ ಮಾಡಬೇಡ. ಅವರು ನಿನ್ನನ್ನು ನೋಡುತ್ತಿರುವಾಗ ನೀನೂ ಅವರನ್ನು ನೋಡುತ್ತಿರಬೇಕು.

ಏನು ನೋಡಬೇಕು ಅಂದರೆ, ದಿನದ ಒಂದು ಮಾಮೂಲಿ ಸಂಗತಿ ಹೇಳಿ ನೋಡು. ‘ದಿನಾ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತೇನೆ, ಅಡುಗೆ ಮಾಡುವಾಗಲೂ ಫೋನ್ ಎದುರಿಗೇ ಇರುತ್ತದೆ’ ಅನ್ನು. ಕೆಲವರು ತಕ್ಷಣ ಇದೇ ನಿಮ್ಮ ಸಮಸ್ಯೆ, ಅಮ್ಮನನ್ನು ಬಿಟ್ಟು ಬೆಳೆಯಬೇಕು ಅನ್ನುತ್ತಾರೆ. ಇನ್ನು ಕೆಲವರು ಕಾಲ್ ಮುಗಿದ ಮೇಲೆ ಹೇಗನ್ನಿಸುತ್ತದೆ, ಅಮ್ಮನಿಗೆ ಏನನ್ನು ಹೇಳುವುದಿಲ್ಲ ಅಂತ ಕೇಳುತ್ತಾರೆ. ನನ್ನನ್ನು ಕೇಳಿದರೆ ಎರಡನೆಯವರ ಹತ್ತಿರ ಹೋಗು. ಅತ್ತೆಯವರು ಬಂದು ಮೂರು ತಿಂಗಳು ಇರುತ್ತಾರೆ ಅಂದಾಗಲೂ ಅಷ್ಟೇ, ‘ಬೇಡ ಅಂತ ಹೇಳಿಬಿಡಿ’ ಅನ್ನುವುದು ಸುಲಭ. ಬೇಡ ಅಂದರೆ ನಮ್ಮಲ್ಲಿ ಏನೇನು ಆಗುತ್ತದೆ ಅಂತ ಕೇಳುವ ತಾಳ್ಮೆ ಇರಬೇಕು. ಅವರಿಗೆ ನಮ್ಮ ಪದ್ಧತಿಗಳು ಮೊದಲೇ ಗೊತ್ತಿರಬೇಕು ಅಂತಿಲ್ಲ. ಗೊತ್ತಿಲ್ಲದ್ದನ್ನು ಕೇಳುತ್ತಾರಾ, ಅದು ನೋಡು. ಹಾಗಂತ ಹೇಳಿದ್ದಕ್ಕೆಲ್ಲ ತಲೆ ಆಡಿಸುವವರೂ ಬೇಡ. ಮನೆಗೆ ಬಂದ ಮೇಲೂ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ.

ಯಾವ ವಿಧಾನ ಅಂತಲೂ ಕೇಳು. ದೊಡ್ಡವರಿಗೆ ಕ್ರಾಂಕೆನ್‌ಕಾಸೆ ನಾಲ್ಕು ವಿಧಾನಗಳಿಗೆ ದುಡ್ಡು ಕೊಡುತ್ತದೆ. ಫೆರ್‌ಹಾಲ್ಟೆನ್ಸ್‌ಥೆರಪಿ ಅಂದರೆ ಹೋಂವರ್ಕ್, ಪಟ್ಟಿ, ಅಭ್ಯಾಸ ಬದಲಾಯಿಸುವುದು. ನಿದ್ದೆಗೆ, ಗಾಬರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಹಳೆಯದನ್ನು ಕೆದಕುವ ಎರಡು ವಿಧಾನಗಳಿವೆ, ಅವುಗಳಲ್ಲಿ ಅನಾಲಿಸಿಸ್ ವಾರಕ್ಕೆ ಎರಡು ಮೂರು ಸಲ ಹೋಗುವಂಥದ್ದು, ವರ್ಷಗಟ್ಟಲೆ. ನಾಲ್ಕನೆಯದು ಸಿಸ್ಟೆಮಿಶೆ, ಮನೆಮಂದಿಯ ನಡುವಿನ ಎಳೆದಾಟವನ್ನೇ ಮುಂದಿಟ್ಟುಕೊಂಡು ಮಾತಾಡುವುದು. 2020ರಲ್ಲಿ ಸೇರಿದ್ದು. ನಿನ್ನ ಕಥೆಗೆ ಇದು ಚೆನ್ನಾಗಿ ಹೊಂದಬಹುದು, ಆದರೆ ಕ್ರಾಂಕೆನ್‌ಕಾಸೆ ಒಪ್ಪಿದವರು ಇದರಲ್ಲಿ ಕಡಿಮೆ.

ಭಾಷೆಯ ವಿಷಯ. 116117ರ ಡಾಕ್ಟರ್ ಹುಡುಕಾಟದಲ್ಲಿ ಯಾವ ಭಾಷೆ ಮಾತಾಡುತ್ತಾರೆ ಅಂತಲೂ ಆರಿಸಬಹುದು. ಇಂಗ್ಲಿಷ್ ಅಂತ ಹಾಕಿದರೆ ಹೆಸರು ಸಿಗುತ್ತವೆ, ಕನ್ನಡದ ಆಸೆ ಇಟ್ಟುಕೊಳ್ಳಬೇಡ. ಗಂಡನನ್ನು ದುಭಾಷಿಯಾಗಿ ಕೂರಿಸಿಕೊಂಡು ಮಾತ್ರ ಹೋಗಬೇಡ, ಎಷ್ಟೇ ಒಳ್ಳೆಯವರಾಗಿರಲಿ. ಅವರ ಎದುರಿಗೆ ಹೇಳಬಹುದಾದದ್ದನ್ನಷ್ಟೇ ಹೇಳಿ ಬರುತ್ತೀಯ. ನಮ್ಮ ಕಡೆಯವರೇ ಆದ ಥೆರಪಿಸ್ಟ್ ಈ ಊರಲ್ಲಿ ಸಿಕ್ಕರೆ ಒಳ್ಳೆಯದಲ್ವಾ ಅಂತ ಬರೆದಿದ್ದೀಯ. ನನಗೆ ಅಷ್ಟು ಖಾತರಿ ಇಲ್ಲ. ರಾಜ್ಯೋತ್ಸವಕ್ಕೆ, ಯುಗಾದಿಗೆ ಸೇರುವುದು ಅದೇ ನಾಲ್ಕು ಮನೆ. ಅವರು ಬಾಯಿ ಬಿಡುವುದಿಲ್ಲ, ಸರಿ. ಆದರೆ ಒಬ್ಬಟ್ಟಿನ ಸಾಲಿನಲ್ಲಿ ಅವರ ಪಕ್ಕ ನಿಂತರೆ ನಿನಗೇ ಮುಜುಗರ.

ಕನ್ನಡದಲ್ಲೇ ಅಳಬೇಕು ಅನ್ನಿಸಿದರೆ ಬೆಂಗಳೂರಿನವರ ಹತ್ತಿರ ಆನ್‌ಲೈನ್ ಮಾಡಬಹುದು. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಹಾಗಾಗಿ ನಿನಗೆ ಮಧ್ಯಾಹ್ನದ ಹೊತ್ತು ಅನುಕೂಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇದೆಯಾ ಅಂತ ಕೇಳು. ಬರೀ ಕೌನ್ಸೆಲರ್ ಅಂದರೆ ಏನು ಓದಿದ್ದಾರೆ, ಎಲ್ಲಿ ಕೆಲಸ ಮಾಡಿದ್ದಾರೆ ಅಂತ ವಿಚಾರಿಸು, ಸಂಕೋಚ ಬೇಡ. ಫೀಸು ನಿನ್ನದೇ, ಇಲ್ಲಿನ ಕ್ರಾಂಕೆನ್‌ಕಾಸೆ ಕೊಡುವುದಿಲ್ಲ. ಇಲ್ಲಿ ಜಾಗ ಸಿಗುವವರೆಗೆ ಕೈ ಹಿಡಿಯಲು ಇದು ಒಳ್ಳೆಯ ದಾರಿ. ಪೂರ್ತಿ ಇದನ್ನೇ ನಂಬಿ ಇಲ್ಲಿನ ಹುಡುಕಾಟ ಬಿಡಬೇಡ.

ಯಾಕಂದ್ರೆ ಕಾಯುವುದು ಇದ್ದೇ ಇದೆ, ತಿಂಗಳುಗಳ ಲೆಕ್ಕದಲ್ಲಿ. ಇಲ್ಲಿ ಒಬ್ಬೊಬ್ಬರದೇ ಸಣ್ಣ ಕ್ಲಿನಿಕ್, ರಿಸೆಪ್ಷನಿಸ್ಟ್ ಇರುವುದಿಲ್ಲ. ವಾರದಲ್ಲಿ ಒಂದೋ ಎರಡೋ ಗಂಟೆ ಮಾತ್ರ ಫೋನ್ ಎತ್ತುತ್ತಾರೆ, ಉಳಿದ ಹೊತ್ತು ಮೆಷಿನ್ ಮಾತಾಡುತ್ತದೆ. ಆ ಫೋನ್ ಸಮಯ ಬರೆದುಕೊಂಡು ಅದೇ ಹೊತ್ತಿಗೆ ಹಿಡಿ. ಟ್ರೇನಿಂಗ್ ಇನ್‌ಸ್ಟಿಟ್ಯೂಟ್‌ಗಳ ಕ್ಲಿನಿಕ್‌ಗಳಿಗೂ ಫೋನ್ ಮಾಡು. ಅಲ್ಲಿ ತರಬೇತಿಯ ಕೊನೆಯ ಹಂತದವರು ಹಿರಿಯರ ಮೇಲ್ವಿಚಾರಣೆಯಲ್ಲಿ ನೋಡುತ್ತಾರೆ, ದುಡ್ಡು ಕ್ರಾಂಕೆನ್‌ಕಾಸೆಯೇ ಕೊಡುತ್ತದೆ, ಎಷ್ಟೋ ಸಲ ಜಾಗವೂ ಬೇಗ ಸಿಗುತ್ತದೆ. ‘ಕಲಿಯುವವರಾ’ ಅಂತ ಮೂಗು ಮುರಿಯಬೇಡ, ಎಷ್ಟೋ ಸಲ ಅವರೇ ಜಾಸ್ತಿ ಗಮನ ಕೊಟ್ಟು ಕೇಳುತ್ತಾರೆ.

ಎಲ್ಲಿ ಫೋನ್ ಮಾಡಿದರೂ ಒಂದು ಪಟ್ಟಿ ಇಡು: ದಿನಾಂಕ, ಹೆಸರು, ಏನಂದರು. ಎಲ್ಲರೂ ಜಾಗ ಇಲ್ಲ ಅಂದರೆ ಆ ಪಟ್ಟಿ, ಪಿಟಿವಿ 11 ಎರಡನ್ನೂ ಇಟ್ಟು ಕ್ರಾಂಕೆನ್‌ಕಾಸೆಗೆ ಕೋಸ್ಟೆನ್‌ಎರ್ಷ್ಟಾಟುಂಗ್ ಅರ್ಜಿ ಹಾಕಬಹುದು. ಅಂದರೆ ಲೈಸೆನ್ಸ್ ಇರುವ, ಆದರೆ ಖಾಸಗಿಯಾಗಿ ನೋಡುವ ಥೆರಪಿಸ್ಟ್‌ನ ಖರ್ಚನ್ನು ಅವರು ಕೊಡಬೇಕು ಅಂತ ಕೇಳುವುದು. ಚಿಕಿತ್ಸೆ ಶುರು ಮಾಡುವ ಮುಂಚೆಯೇ ಅರ್ಜಿ ಹಾಕಬೇಕು. ಮೊದಲ ಸಲ ಆಗುವುದಿಲ್ಲ ಅಂತ ಕಾಗದ ಬರುವುದು ಮಾಮೂಲು, ಒಂದು ತಿಂಗಳೊಳಗೆ ವಿಡರ್‌ಷ್ಪ್ರುಖ್, ಅಂದರೆ ಲಿಖಿತ ಆಕ್ಷೇಪಣೆ, ಕಳಿಸಬೇಕು. ಇಂಥದ್ದನ್ನು ಮಾಡಲು ಶಕ್ತಿ ಇಲ್ಲದವರಿಗೇ ಈ ದೇಶ ಇಷ್ಟು ಕಾಗದ ಬರೆಸುತ್ತದೆ, ಏನು ಮಾಡುವುದು! ಈ ಕಾಗದದ ಕೆಲಸವನ್ನು ಗಂಡನಿಗೆ ಒಪ್ಪಿಸು, ಅವರು ಏನು ಸಹಾಯ ಮಾಡಲಿ ಅಂತ ಕೇಳುತ್ತಿದ್ದಾರೆ ಅಂದೆಯಲ್ಲ.

ಇನ್ನೊಂದು ಮಾತು, ನೀನು ಬರೆದಿಲ್ಲ, ಆದರೂ ಹೇಳುತ್ತೇನೆ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡ. ಬವೇರಿಯಾದ ಕ್ರೈಸಿಸ್ ಸಹಾಯವಾಣಿ 0800 655 3000, ಹಗಲು ರಾತ್ರಿ ಎತ್ತುತ್ತಾರೆ, ಫ್ರೀ. ತೀರಾ ತುರ್ತು ಅಂದರೆ 112.

ಫೋನ್‌ನಲ್ಲಿ ಜರ್ಮನ್ ಮಾತಾಡಲು ಭಯ ಆದರೆ ಮೇಲ್ ಬರೆ. ಹೆಸರು, ವಯಸ್ಸು, ಯಾವ ಕ್ರಾಂಕೆನ್‌ಕಾಸೆ, ನಿದ್ದೆ ಮತ್ತು ಅಳುವಿನ ಬಗ್ಗೆ ಎರಡು ಸಾಲು, ಇಂಗ್ಲಿಷ್‌ನಲ್ಲಿ ಚಿಕಿತ್ಸೆ ಆಗುತ್ತದಾ, ಯಾವ ಹೊತ್ತಿಗೆ ಬಿಡುವಿದೆ. ಹಗಲು ಹೊತ್ತೂ ಬರಬಲ್ಲೆ ಅಂತ ಖಂಡಿತ ಬರೆ, ಸಂಜೆಯ ಜಾಗಕ್ಕೇ ಎಲ್ಲರೂ ಮುಗಿಬೀಳುವುದು. ಬರೆದು ನನಗೆ ಕಳಿಸು, ಜರ್ಮನ್ ತಿದ್ದಿಕೊಡುತ್ತೇನೆ. ಅಂದ ಹಾಗೆ ನಿಮ್ಮದು ಸರ್ಕಾರಿ ಇನ್ಶೂರೆನ್ಸ್ ಅಂದುಕೊಂಡೇ ಇಷ್ಟೂ ಬರೆದೆ. ಖಾಸಗಿ ಆಗಿದ್ದರೆ ಹೇಳು, ಅದರಲ್ಲಿ ವರ್ಷಕ್ಕೆ ಎಷ್ಟು ಸಿಟ್ಟಿಂಗ್ ಕೊಡುತ್ತಾರೆ ಅಂತ ಪಾಲಿಸಿಯಲ್ಲೇ ನೋಡಬೇಕು.